ಮಂಡಿ ಕೀಲು ಬದಲಾವಣೆ: ಶಸ್ತ್ರಚಿಕಿತ್ಸೆಗೆ ಮುಂಚಿನ ಸಿದ್ಧತೆ

ಮಂಡಿ ಕೀಲು ಬದಲಾವಣೆಯೆಂದರೆ ಇಡೀ ಕೀಲನ್ನೇ ಕಿತ್ತು ಹಾಕುವುದೆಂದು ಅನೇಕರು ತಿಳಿದಿದ್ದರೂ, ವಾಸ್ತವದಲ್ಲಿ ಮೂಳೆಗಳ ತುದಿಯಲ್ಲಿ ಸವೆದುಹೋದ ಮೃದ್ವಸ್ಥಿಯನ್ನು, ಅಂದರೆ ಮೂಳೆಗೆ ಮೂಳೆ ಉಜ್ಜದಂತೆ ಕಾಯುವ ನುಣುಪಾದ ಪದರವನ್ನು, ಅದರಡಿಯ ಕೆಲವೇ ಮಿಲಿಮೀಟರ್ ಮೂಳೆಯೊಡನೆ ಕತ್ತರಿಸಿ, ಅಲ್ಲಿ ಲೋಹದ ಹೊದಿಕೆಗಳನ್ನೂ ಅವುಗಳ ನಡುವೆ ಪಾಲಿಎಥಿಲೀನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಬಿಲ್ಲೆಯನ್ನೂ ಕೂರಿಸಲಾಗುತ್ತದೆ. ಈ ಹೊಸ ಕೀಲಿಗೆ ಸ್ವಂತ ಬಲವಿಲ್ಲ. ಅದನ್ನು ಮಡಿಸುವುದೂ ಚಾಚುವುದೂ ರೋಗಿಯ ಹಳೆಯ ಸ್ನಾಯುಗಳೇ ಆದ್ದರಿಂದ, ಸಿದ್ಧತೆಯನ್ನು ಕೆಲವು ವಾರ ಮೊದಲೇ ಆರಂಭಿಸಬೇಕಾಗುತ್ತದೆ.

ಈ ಸ್ನಾಯುಗಳಲ್ಲಿ ಮುಖ್ಯವಾದುದು ತೊಡೆಯ ಮುಂಭಾಗದಲ್ಲಿ ನಾಲ್ಕು ಕವಲುಗಳಾಗಿ ಹಬ್ಬಿರುವ ಕ್ವಾಡ್ರಿಸೆಪ್ಸ್. ನೋವಿಗೆ ಹೆದರಿ ನಡಿಗೆ ಕಡಿಮೆ ಮಾಡಿದವರಲ್ಲಿ ಅದು ಮೊದಲೇ ಸೊರಗಿರುತ್ತದೆ. ಶಸ್ತ್ರಚಿಕಿತ್ಸೆಯಾದ ಮೊದಲ ತಿಂಗಳಲ್ಲಿ ಅದರ ಶಕ್ತಿ ಅರ್ಧದಷ್ಟು ಕುಸಿಯುವುದೂ ಸಾಮಾನ್ಯ. ಹಾಸಿಗೆಯ ಮೇಲೆ ಕಾಲು ಚಾಚಿ, ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಕೆಳಕ್ಕೆ ಅದುಮುವಂತೆ ತೊಡೆಯನ್ನು ಬಿಗಿಹಿಡಿದು, ಐದು ಸೆಕೆಂಡು ತಡೆದು ಸಡಿಲಿಸುವ ವ್ಯಾಯಾಮವನ್ನು ನೋವಿದ್ದವರೂ ಮಾಡಬಲ್ಲರು. ಒಂದು ಕಾಲನ್ನು ಮಡಿಸಿಕೊಂಡು ಇನ್ನೊಂದನ್ನು ನೇರವಾಗಿ ಗೇಣುದ್ದ ಎತ್ತುವುದು, ಹಿಮ್ಮಡಿಯನ್ನು ಜಾರಿಸುತ್ತ ಮಂಡಿ ಮಡಿಸುವುದು ಇದರ ಮುಂದಿನ ಹಂತಗಳು. ವಾಕರ್ ಹಿಡಿದು ಏಳಲು ತೋಳುಗಳಿಗೂ ಬಲ ಬೇಕಾಗುವುದರಿಂದ, ಕೈಯಿರುವ ಕುರ್ಚಿಯಿಂದ ತೋಳೂರಿ ಏಳುವ ಅಭ್ಯಾಸವೂ ಉಪಯುಕ್ತ. ಇಂಥ ಪೂರ್ವಾಭ್ಯಾಸದ ಲಾಭ ಹೆಚ್ಚಾಗಿ ಕಾಣುವುದು ಚೇತರಿಕೆಯ ಮೊದಲ ವಾರಗಳಲ್ಲಿ.

ಸ್ನಾಯುಗಳಷ್ಟೇ ಗಮನ ರಕ್ತಕ್ಕೂ ಸಲ್ಲಬೇಕು. ಸಕ್ಕರೆ ಹತೋಟಿ ತಪ್ಪಿದರೆ ಗಾಯ ಬೇಗ ಮಾಯದೆ ಸೋಂಕಿನ ಅಪಾಯ ಹೆಚ್ಚುವುದರಿಂದ, ಸುಮಾರು ಮೂರು ತಿಂಗಳ ಸರಾಸರಿಯನ್ನು ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ಪ್ರಮಾಣವು ಶೇಕಡಾ 8ಕ್ಕಿಂತ ಮೇಲಿದ್ದರೆ ಅನೇಕ ವೈದ್ಯರು ಶಸ್ತ್ರಚಿಕಿತ್ಸೆಯನ್ನು ಮುಂದೂಡುತ್ತಾರೆ. ಹಿಮೋಗ್ಲೋಬಿನ್ ಡೆಸಿಲೀಟರ್ ರಕ್ತಕ್ಕೆ ಪುರುಷರಲ್ಲಿ 13, ಸ್ತ್ರೀಯರಲ್ಲಿ 12 ಗ್ರಾಮಿಗಿಂತ ಕಡಿಮೆಯಿದ್ದರೆ ರಕ್ತಹೀನತೆಗೆ ಮೊದಲೇ ಚಿಕಿತ್ಸೆ ಪಡೆಯುವುದು, ಬೀಡಿ ಸಿಗರೇಟುಗಳನ್ನು ಕನಿಷ್ಠ ನಾಲ್ಕು ವಾರ ಮುಂಚೆ ಬಿಡುವುದು, ಹುಳುಕು ಹಲ್ಲು, ಮೂತ್ರದ ಸೋಂಕು, ಕಾಲಿನ ಹುಣ್ಣುಗಳನ್ನು ವಾಸಿಮಾಡಿಕೊಳ್ಳುವುದು, ರಕ್ತ ತೆಳುಮಾಡುವ ಮಾತ್ರೆಗಳ ವಿಷಯವನ್ನು ವೈದ್ಯರಿಗೆ ತಿಳಿಸುವುದು ಅಗತ್ಯ. ಬೇಳೆ, ಮೊಳಕೆಕಾಳು, ಹಾಲು, ಮೊಟ್ಟೆಗಳಿಂದ ದೊರೆಯುವ ಪ್ರೋಟೀನು ಗಾಯ ಮಾಯಲೂ ಸ್ನಾಯು ಬೆಳೆಯಲೂ ನೆರವಾಗುತ್ತದೆ. ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಯಲ್ಲಿ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಕಡಿಮೆಯಾಗುತ್ತದೆ.

ಮನೆಯನ್ನು ಅಣಿಗೊಳಿಸುವುದೂ ಈ ಸಿದ್ಧತೆಯ ಭಾಗವೇ. ನೆಲದ ಮೇಲೆ ಕೂತು ಉಣ್ಣುವ, ಚಾಪೆಯ ಮೇಲೆ ಮಲಗುವ, ಕುಕ್ಕರುಗಾಲಿನಲ್ಲಿ ಕೂರಬೇಕಾದ ಶೌಚಾಲಯವಿರುವ ಮನೆಗಳಲ್ಲಿ ಎತ್ತರದ ಕುರ್ಚಿ, ಮಂಚ, ಕಮೋಡುಗಳನ್ನು ಮುಂಚೆಯೇ ಹೊಂದಿಸಬೇಕು. ಬಚ್ಚಲಿನ ಗೋಡೆಗೆ ಹಿಡಿಕೆ ಹಾಕಿಸಿ, ಜಾರುವ ಕಾಲೊರಸುಗಳನ್ನು ತೆಗೆದು, ವಾಕರ್ ಬಾಗಿಲಲ್ಲಿ ತೂರುತ್ತದೆಯೇ, ಹೊಸ್ತಿಲು ದಾಟುತ್ತದೆಯೇ ಎಂದು ನೋಡಿಕೊಳ್ಳಬೇಕು.

ಶಸ್ತ್ರಚಿಕಿತ್ಸೆಯಾದ ದಿನವೇ ಅಥವಾ ಮರುದಿನ ರೋಗಿಯನ್ನು ನಡೆಸಲಾಗುತ್ತದೆ. ಹೊಲಿಗೆಗಳನ್ನು ಸಾಮಾನ್ಯವಾಗಿ ಎರಡು ವಾರದ ಹೊತ್ತಿಗೆ ತೆಗೆಯುತ್ತಾರೆ. ಹಾಯೆನಿಸುತ್ತದೆಂದು ಮಂಡಿಯ ಕೆಳಗೆ ದಿಂಬಿಟ್ಟು ಮಲಗಿದರೆ ಕಾಲು ಪೂರ್ತಿ ನೇರವಾಗದೆ ಉಳಿಯಬಹುದು. ಮೆಟ್ಟಿಲು ಹತ್ತುವಾಗ ಬಲವಿರುವ ಕಾಲನ್ನೂ, ಇಳಿಯುವಾಗ ಶಸ್ತ್ರಚಿಕಿತ್ಸೆಯಾದ ಕಾಲನ್ನೂ ಮುಂದಿಡಬೇಕು. ಮೀನಖಂಡ ಊದಿ ನೋಯುವುದು ರಕ್ತ ಹೆಪ್ಪುಗಟ್ಟಿದುದರ ಸೂಚನೆಯಾಗಿರಬಹುದು. ಏದುಸಿರು ಬಂದರಂತೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಪೂರ್ಣ ಚೇತರಿಕೆಗೆ ವರ್ಷವೇ ಹಿಡಿದರೂ ಅಚ್ಚರಿಯಿಲ್ಲ.

ಹತ್ತರಲ್ಲಿ ಸುಮಾರು ಎಂಟು ಕೃತಕ ಕೀಲುಗಳು 25 ವರ್ಷ ಬಾಳುತ್ತವೆಂದು ವಿದೇಶಗಳ ದಾಖಲೆಗಳು ತೋರಿಸುತ್ತವೆ. ಅಷ್ಟು ಕಾಲದ ಅನುಕೂಲಕ್ಕೆ ಕೆಲವು ವಾರಗಳ ಶ್ರಮ ದೊಡ್ಡದಲ್ಲವಾದುದರಿಂದ, ಶಸ್ತ್ರಚಿಕಿತ್ಸೆಯ ದಿನ ಗೊತ್ತಾದೊಡನೆಯೇ ಫಿಸಿಯೋಥೆರಪಿಸ್ಟರನ್ನು ಕಂಡು ವ್ಯಾಯಾಮ ಆರಂಭಿಸುವುದು ಒಳಿತು.