ದೂರು ಕೊಡುವುದೇ, ಕೆಲಸ ಬಿಡುವುದೇ?

ಬೆಳಗಿನ ಹೊತ್ತು ಪಾಂಡವಪುರದ ರೈಲು ನಿಲ್ದಾಣದಲ್ಲಿ ಮೈಸೂರಿನ ಗಾಡಿಗೆ ಕಾದು ನಿಂತವರಲ್ಲಿ ಊಟದ ಡಬ್ಬಿ ಹಿಡಿದ ಹೆಣ್ಣುಮಕ್ಕಳೂ ಇರುತ್ತಾರೆ. ಅವರ ಸಂಬಳದಿಂದಲೇ ತಮ್ಮನ ಶುಲ್ಕವೋ ಸಾಲದ ಕಂತೋ ಸಲ್ಲುವ ಮನೆಗಳು ನಮ್ಮಲ್ಲಿ ಕಡಮೆಯಲ್ಲ. ಅಂಥ ಮಗಳೊಬ್ಬಳು ಒಂದು ಸಂಜೆ, ಮೇಲಧಿಕಾರಿಯ ನಡತೆ ಸರಿಯಿಲ್ಲವೆಂದು ತಾಯಿಯ ಬಳಿ ಕಣ್ಣೀರಿಟ್ಟರೆ ಕೇಳಿಬರುವ ಮಾತು ಸಾಮಾನ್ಯವಾಗಿ ಎರಡೇ: "ತಲೆ ತಗ್ಗಿಸಿಕೊಂಡು ಹೋಗಿ ಬಾ ತಾಯಿ" ಇಲ್ಲವೇ "ಕೆಲಸ ಬಿಟ್ಟುಬಿಡವ್ವ". ಮದುವೆಯಾಗಬೇಕಾದ ಹುಡುಗಿಯಾದರಂತೂ ಎರಡನೆಯದೇ. ಎರಡರಲ್ಲಿಯೂ ನಷ್ಟ ಅವಳದು. ತಪ್ಪು ಮಾಡಿದವನ ಕುರ್ಚಿ ಅಲುಗುವುದಿಲ್ಲ.

ದೂರು ಕೊಟ್ಟರೆ ಬಡ್ತಿ ತಪ್ಪೀತು, ದೂರದೂರಿಗೆ ವರ್ಗವಾದೀತು ಎಂಬ ಭಯ ನಿರಾಧಾರವೆನ್ನಲಾಗದು. ಇಂದೋರಿನಲ್ಲಿ ಬ್ಯಾಂಕೊಂದರ ಹಿರಿಯ ಅಧಿಕಾರಿಯಾಗಿದ್ದ ಮಹಿಳೆಯೊಬ್ಬರು ಶಾಖೆಯ ಅವ್ಯವಹಾರಗಳನ್ನು ವರದಿ ಮಾಡಿದ್ದರು. ಮೇಲಧಿಕಾರಿಯ ವಿರುದ್ಧ ಲೈಂಗಿಕ ಕಿರುಕುಳದ ದೂರನ್ನೂ ಸಲ್ಲಿಸಿದರು. 2017ರಲ್ಲಿ ಅವರನ್ನು ಜಬಲ್‌ಪುರ ಜಿಲ್ಲೆಯ ಸಣ್ಣ ಶಾಖೆಗೆ ವರ್ಗಾಯಿಸಲಾಯಿತು. ಅದು ಅವರ ದರ್ಜೆಗಿಂತ ಬಹು ಕೆಳಗಿನ ಅಧಿಕಾರಿಗೆ ತಕ್ಕ ಸ್ಥಳ. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಸೇಡಿನ ಕ್ರಮವೆಂದು ಬಗೆದು, ಆ ವರ್ಗಾವಣೆಯ ರದ್ದತಿಯನ್ನು ಎತ್ತಿಹಿಡಿಯಿತು. ಅವರನ್ನು ಇಂದೋರಿಗೆ ಮರಳಿಸುವಂತೆಯೂ 50,000 ರೂಪಾಯಿ ಖರ್ಚು ಕೊಡುವಂತೆಯೂ ಆದೇಶಿಸಿತು. ಗೆದ್ದದ್ದು ನಿಜ. ನಡುವೆ ಕಳೆದ ಎರಡು ವರ್ಷಗಳನ್ನು ಯಾರು ಹಿಂತಿರುಗಿಸುವರು?

ಈ ಭಯಕ್ಕೆಂದೇ 2013ರ ಕಾಯಿದೆ ಒಂದು ತಡೆಯನ್ನು ಇರಿಸಿದೆ. ಬಹಳ ಮಂದಿಗೆ ಅದು ತಿಳಿಯದು. ವಿಚಾರಣೆ ನಡೆಯುತ್ತಿರುವಾಗ ದೂರುದಾರಳು ಬರೆದು ಕೇಳಿಕೊಂಡರೆ, ಇಬ್ಬರಲ್ಲಿ ಒಬ್ಬರನ್ನು ಬೇರೆಡೆಗೆ ಕಳುಹಿಸಲು, ಆಕೆಗೆ ಮೂರು ತಿಂಗಳವರೆಗೆ ಹೆಚ್ಚುವರಿ ರಜೆ ಕೊಡಲು ಸಮಿತಿ ಶಿಫಾರಸು ಮಾಡಬಹುದು. ಆಕೆಯ ಗೋಪ್ಯ ವರದಿಯನ್ನು ಆರೋಪಿತನು ಬರೆಯದಂತೆಯೂ ತಡೆಯಬಹುದು. ಕೇಳದಿದ್ದರೆ ಇವು ತಾವಾಗಿ ದೊರೆಯವು. ಇನ್ನು, ದೂರನ್ನು ರುಜುವಾತುಪಡಿಸಲಾಗಲಿಲ್ಲ ಎಂಬಷ್ಟಕ್ಕೇ ಆಕೆಯನ್ನು ಶಿಕ್ಷಿಸುವಂತಿಲ್ಲ.

ಆದರೆ ಮನೆಯವರು ಆಲೋಚಿಸುತ್ತ ಕುಳಿತಿರುವಾಗ ಕಾಲ ಕಾಯುವುದಿಲ್ಲ. ಕೊನೆಯ ಘಟನೆಯಿಂದ ಮೂರು ತಿಂಗಳೊಳಗೆ ದೂರು ಸಲ್ಲಬೇಕು. ತಕ್ಕ ಕಾರಣವಿದ್ದರೆ ಸಮಿತಿ ಇನ್ನು ಮೂರು ತಿಂಗಳು ಮನ್ನಿಸಬಹುದು, ಅಷ್ಟೇ. ಪಶ್ಚಿಮ ಬಂಗಾಳದ ಅಧ್ಯಾಪಕಿಯೊಬ್ಬರ ದೂರು ಅವಧಿ ಮೀರಿತೆಂದು ತಿರಸ್ಕೃತವಾದುದನ್ನು 2025ರಲ್ಲಿ ಸುಪ್ರೀಂ ಕೋರ್ಟೂ ಎತ್ತಿಹಿಡಿಯಿತು.

ಬಸ್ ನಿಲ್ದಾಣದ ಬಳಿಯ ಬಟ್ಟೆ ಅಂಗಡಿ, ಖಾಸಗಿ ದವಾಖಾನೆಗಳಂಥ, ಹತ್ತು ಜನರೂ ಇಲ್ಲದ ಕಡೆ ಆಂತರಿಕ ಸಮಿತಿ ಇರದು. ಅಲ್ಲಿಯವರು, ಹಾಗೂ ಮಾಲೀಕನೇ ಕಿರುಕುಳ ಕೊಟ್ಟ ಪಕ್ಷದಲ್ಲಿ ಯಾರೇ ಆಗಲಿ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಕೆಲಸ ಪಾಂಡವಪುರದಲ್ಲಿದ್ದರೆ ಅದು ಮಂಡ್ಯ ಜಿಲ್ಲೆಯ ಸಮಿತಿ, ಮೈಸೂರಿನಲ್ಲಿದ್ದರೆ ಅಲ್ಲಿಯದು.

ದೂರು ಕೊಡಬೇಕೋ ಬೇಡವೋ ಎಂಬ ನಿರ್ಧಾರ ಮಗಳದೇ ಆಗಿರಲಿ. ಆದರೆ ಆ ಸಂಜೆಯೇ ತಾರೀಖು, ವೇಳೆ, ಆಡಿದ ಮಾತು, ಅಲ್ಲಿದ್ದವರ ಹೆಸರುಗಳನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಡಲು ಅಪ್ಪನೋ ಅಣ್ಣನೋ ಜೊತೆಗೆ ಕೂರಬಹುದು. ಮೊಬೈಲಿಗೆ ಬಂದ ಸಂದೇಶಗಳನ್ನು ಅಳಿಸಬಾರದು. ಮುಂದೆ ದೂರಿನ 6 ಪ್ರತಿಗಳು ಬೇಕಾಗುತ್ತವೆ. ಬರೆಯಲಾರದವರಿಗೆ ಬರೆದುಕೊಳ್ಳಲು ನೆರವಾಗುವುದು ಸಮಿತಿಯದೇ ಹೊಣೆ.