ಎರಡನೇ ಬಾಲು ಯಾರ ಕೈಗೆ

ಆಷಾಢ ಮುಗಿದಿದೆ ಅಂತ ಐಮಂಗಲದ ಗಾಳಿಗೆ ಯಾರೂ ಹೇಳಿದಂತಿಲ್ಲ. ಹಿರಿಯೂರು ದಾಟಿ ಹೆದ್ದಾರಿ 48ರಲ್ಲಿ ಚಿತ್ರದುರ್ಗದ ಕಡೆ ಬರುವವರಿಗೆ ಗುಡ್ಡಗಳ ನೆತ್ತಿಯಲ್ಲಿ ಗಾಳಿಯಂತ್ರಗಳ ಸಾಲು ಕಾಣುತ್ತದೆ. ಇಲ್ಲಿನ ಬೀಸು ಎಂಥದೆಂದು ತಿಳಿಯಲು ಅದನ್ನು ನೋಡಿದರೆ ಸಾಕು. ಶ್ರಾವಣದ ಸಂಜೆಯಲ್ಲೂ ಲಾರಿಗಳ ಟಾರ್ಪಾಲು ಪಟಪಟ ಬಡಿದುಕೊಳ್ಳುತ್ತದೆ. ಶೇಂಗಾ ಹೊಲದ ಕೆಮ್ಮಣ್ಣು ಎದ್ದು ಬಂದು ಹಲ್ಲಿನ ನಡುವೆ ಕರಕರ ಎನ್ನುತ್ತದೆ.

ಅಂಥದೊಂದು ಸಂಜೆ ಊರ ಮೈದಾನದ ಬೇವಿನ ಮರದ ಬುಡದಲ್ಲಿ ಕೂತಿದ್ದೆ. ಎದುರಿಗೆ ಮಣ್ಣಿನ ಕೋರ್ಟು, ಅರ್ಧ ಅಳಿಸಿದ ಸುಣ್ಣದ ಗೆರೆ, ಎರಡು ಕಬ್ಬಿಣದ ಕಂಬಗಳಿಗೆ ಬಿಗಿದ ನೆಟ್ಟು. ಮುಂದಿನ ವಾರ ತಾಲ್ಲೂಕು ಮಟ್ಟದ ಪಿಯು ಕ್ರೀಡಾಕೂಟ. ಅದಕ್ಕೆ ಮೊದಲು ಪಕ್ಕದ ಊರಿನ ಹುಡುಗರನ್ನು ಕರೆಸಿ ಒಂದು ಪ್ರಾಕ್ಟೀಸ್ ಮ್ಯಾಚು. ಹೊರಗಿನವರು ಐಮಂಗಲ ಎಂದರೆ ಪೊಲೀಸ್ ತರಬೇತಿ ಶಾಲೆ ಎನ್ನುತ್ತಾರೆ. ಈ ಹುಡುಗರಲ್ಲೂ ಅರ್ಧಕ್ಕೆ ಅರ್ಧ ಜನ ಖಾಕಿ ತೊಟ್ಟು ಆ ಗೇಟಿನೊಳಗೆ ಹೋಗುವ ಆಸೆ ಇಟ್ಟುಕೊಂಡವರೇ. ಆದ್ದರಿಂದ ಅವರಿಗೆ ವಾಲಿಬಾಲು ಬರೀ ಹೊತ್ತು ಕಳೆಯುವ ಆಟವಲ್ಲ.

ವಾಲಿಬಾಲಿನಲ್ಲಿ ಜನ ನೋಡುವುದು ಸ್ಮ್ಯಾಷ್ ಹೊಡೆಯುವವನನ್ನು. ಚಪ್ಪಾಳೆಯೂ ಅವನಿಗೇ. ಆದರೆ ಮೂರು ಟಚ್ಚಿನ ಈ ಆಟದಲ್ಲಿ ಎರಡನೆಯದು ಲಿಫ್ಟರ್‌ನದು. ಪುಸ್ತಕದಲ್ಲಿ ಸೆಟ್ಟರ್ ಎಂದಿರಬಹುದು, ಮೈದಾನದಲ್ಲಿ ಅವನು ಲಿಫ್ಟರ್. ಸರ್ವಿಸ್ ಯಾರಾದರೂ ಎತ್ತಲಿ, ಬಾಲು ಹೋಗಬೇಕಾದದ್ದು ಇವನ ಕೈಗೆ. ಎಡಕ್ಕೆ ಕೊಡಬೇಕೋ, ನಡುವಿಗೋ, ಬೆನ್ನ ಹಿಂದಕ್ಕೋ ಎಂದು ಅರೆಗಳಿಗೆಯಲ್ಲಿ ತೀರ್ಮಾನಿಸುವವನು ಇವನೇ. ಲಿಫ್ಟರ್ ಬದಲಾದರೆ ತಂಡದ ಉಸಿರಾಟವೇ ಬದಲಾಗುತ್ತದೆ.

ಐಮಂಗಲದ ಲಿಫ್ಟರ್ ಸೆಕೆಂಡ್ ಪಿಯುಸಿ ಹುಡುಗ. ತಂಡದ ಕ್ಯಾಪ್ಟನ್ನೂ ಅವನೇ. ಸಣಕಲು ಮೈ, ಜೋಳದ ದಂಟಿನಂತೆ ಎತ್ತರ. ಬಾಲಿನ ಅಡಿಗೆ ಬಂದು ನಿಂತಾಗ ಹಣೆಯ ಮೇಲೆ ಅವನ ಎರಡು ಕೈಗಳು ಬೊಗಸೆಯಂತೆ ತೆರೆದುಕೊಳ್ಳುತ್ತಿದ್ದವು. ಎರಡು ಹೆಬ್ಬೆರಳು, ಎರಡು ತೋರುಬೆರಳು ಸೇರಿ ಒಂದು ಮುಕ್ಕೋನ. ಬಲಗೈ ನಡುಬೆರಳಿಗೆ ಸುತ್ತಿದ ಬಿಳಿ ಟೇಪು ಮಣ್ಣಾಗಿ ಕಂದು ತಿರುಗಿತ್ತು. ಬಾಲು ಆ ಮುಕ್ಕೋನದೊಳಗೆ ಬಂದದ್ದೂ ಹೋದದ್ದೂ ಕೇಳಿಸುತ್ತಿರಲಿಲ್ಲ. ನೆಟ್ಟಿನ ಮೇಲೆ ಎರಡಾಳು ಎತ್ತರಕ್ಕೆ ಏರಿ, ಅಲ್ಲೊಂದು ಕ್ಷಣ ತಂಗಿ, ನಿಧಾನಕ್ಕೆ ಇಳಿಯುತ್ತಿತ್ತು. ನೋಡಲು ಅಷ್ಟು ಚೆಂದ.

ತೊಂದರೆ ಇದ್ದದ್ದೂ ಆ ಎತ್ತರದಲ್ಲೇ. ಬಾಲಿನ ತೂಕ ಹೆಚ್ಚೆಂದರೆ 280 ಗ್ರಾಂ. ಮೇಲೆ ತಂಗುವ ಆ ಒಂದು ಕ್ಷಣ ಗಾಳಿಗೆ ಸಾಕಾಗುತ್ತಿತ್ತು. ಸ್ಮ್ಯಾಷರ್ ಓಡಿ ಬಂದು ಹಾರುವಷ್ಟರಲ್ಲಿ ಬಾಲು ಒಂದು ಮೊಳ ಆಚೆ ಸರಿದಿರುತ್ತಿತ್ತು. ಕೈ ಬೀಸಿದರೆ ಬೆರಳ ತುದಿಗೆ ತಾಗಿ ನೆಟ್ಟಿಗೆ. ಮೊದಲ ಸೆಟ್ ಹಾಗೆಯೇ ಹೋಯಿತು. ಎರಡನೆಯದರಲ್ಲಿ 6-11.

ಮೇಷ್ಟ್ರು ಗೆರೆಯ ಹೊರಗೆ ಕುಕ್ಕರುಗಾಲಲ್ಲಿ ಕೂತಿದ್ದರು. ಕೂಗಾಟವಿಲ್ಲ. ನೆಲದಿಂದ ಒಂದು ಚಿಟಿಕೆ ಮಣ್ಣು ತೆಗೆದು ಕಣ್ಣಿನ ಮಟ್ಟಕ್ಕೆ ಹಿಡಿದು ಬಿಟ್ಟರು. ಮಣ್ಣು ಕಾಲ ಬಳಿ ಬೀಳಲಿಲ್ಲ, ಓರೆಯಾಗಿ ಹಾರಿ ಎರಡು ಮಾರು ಆಚೆ ಚೆದುರಿತು. ಮತ್ತೊಮ್ಮೆ ಬಿಟ್ಟರು. ಆಗಲೂ ಹಾಗೇ.

"ನಾವು ಆಡೋವಾಗ ಹದಿನೈದಕ್ಕೆ ಗೇಮು," ಎಂದರು, ಮಣ್ಣು ಹೋದ ಕಡೆಯೇ ನೋಡುತ್ತಾ. "ಸರ್ವಿಸ್ ಇದ್ದೋರಿಗೆ ಮಾತ್ರ ಪಾಯಿಂಟು. ಲಿಫ್ಟರ್ ಒಂದು ತಪ್ಪು ಮಾಡಿದ್ರೆ ಸರ್ವಿಸ್ ಹೋಗ್ತಿತ್ತು, ಅಷ್ಟೇ. ಹುಡುಗ ಸುಧಾರಿಸ್ಕೊಳ್ಳೋವರೆಗೂ ಕಾಯಬಹುದಿತ್ತು. ಈಗ ಇಪ್ಪತ್ತೈದಕ್ಕೆ. ಪ್ರತಿ ತಪ್ಪಿಗೂ ಪಾಯಿಂಟು. ಕಾಯೋಕೆ ಎಲ್ಲಿ ಬಿಡ್ತಾರೆ?"

ಎದ್ದು ಬದಲಾವಣೆ ಕೇಳಿದರು. ಬೇವಿನ ಮರದ ಕಡೆಯಿಂದ ಫಸ್ಟ್ ಪಿಯುಸಿಯ ಗಿಡ್ಡ ಹುಡುಗನೊಬ್ಬ ಎದ್ದ. ಕಾಲಿನದು ಅಣ್ಣನ ಬೂಟಿರಬೇಕು, ಹಿಮ್ಮಡಿಯಲ್ಲಿ ಸಡಿಲ.

ಎತ್ತರದ ಹುಡುಗ ಮೊದಲು ತನ್ನನ್ನೇ ಕರೆದದ್ದು ಎಂದು ನಂಬಲಿಲ್ಲ. ಹಿಂದೆ ತಿರುಗಿ ನೋಡಿದ. ಮೇಷ್ಟ್ರು ಬೇರೆಯವರ ಕೈಲಿ ಹೇಳಿಸದೆ ತಾವೇ ಗೆರೆಯವರೆಗೆ ನಡೆದು ಹೋಗಿ ಅವನ ಹೆಗಲ ಮೇಲೆ ಕೈಯಿಟ್ಟರು.

"ನಿನ್ ಕೈಯಲ್ಲಿ ಏನೂ ಕೆಟ್ಟಿಲ್ಲ ಕಣಪ್ಪ. ಗಾಳಿ ಹಂಗಿದೆ."

"ಕೆಳಗೆ ಕೊಡ್ತೀನಿ ಸಾರ್."

"ಒಂದು ಸೆಟ್ಟಿಂದ ಅದನ್ನೇ ಹೇಳ್ತಿದೀನಿ. ಕೈ ಕೇಳ್ತಿಲ್ಲ. ಕೂತ್ಕೊ, ನೋಡ್ತಿರು."

ಎರಡು ವರ್ಷ ಪಳಗಿದ ಕೈ ಒಂದು ಸಂಜೆಯಲ್ಲಿ ಬೇರೆ ಮಾತು ಕಲಿಯುವುದಿಲ್ಲ. ಮೇಷ್ಟ್ರು ಮಾಡಿದ್ದು ಸರಿ ಎಂದು ನನಗೆ ಅಲ್ಲೇ ಅನಿಸಿತು. ಅನಿಸಿದರೂ ಆ ಹುಡುಗ ಗೆರೆ ದಾಟಿ ಬರುವುದನ್ನು ನೋಡಲಾಗದೆ ನಾನು ಹೆದ್ದಾರಿಯ ಕಡೆ ಮುಖ ಮಾಡಿದೆ.

ಗಿಡ್ಡನ ಲಿಫ್ಟಿನಲ್ಲಿ ಚೆಂದವೇನೂ ಇರಲಿಲ್ಲ. ಟಪ್ ಎಂದು ಸದ್ದು, ನೆಟ್ಟಿನ ಮೇಲೆ ಒಂದೂವರೆ ಅಡಿ, ಅಷ್ಟೇ. ಮೊದಲ ಎರಡು ಬಾಲಿಗೆ ಸ್ಮ್ಯಾಷರ್ ತಡವಾಗಿ ಹಾರಿ ಬೆಪ್ಪಾದ. ಮೂರನೆಯದಕ್ಕೆ ಹೊತ್ತು ಹೊಂದಿತು. ಗಾಳಿಗೆ ಕೈಹಾಕಲು ಬಿಡುವೇ ಸಿಗಲಿಲ್ಲ, ಬಾಲು ಎದುರು ಕೋರ್ಟಿನ ಮೂಲೆಯಲ್ಲಿ ಕೆಂಪು ದೂಳೆಬ್ಬಿಸಿತು. 9-13. 14-16.

ನನಗೆ ನೆನಪಾದದ್ದು ಅಮೆರಿಕದ ಕಾಲೇಜು ಫುಟ್‌ಬಾಲು. ಅಲ್ಲಿ ಕ್ವಾರ್ಟರ್‌ಬ್ಯಾಕ್ ಎಂದರೆ ಹೆಚ್ಚುಕಡಿಮೆ ನಮ್ಮ ಲಿಫ್ಟರೇ, ಯಾರಿಗೆ ಚೆಂಡು ಕೊಡಬೇಕೆಂದು ನಿರ್ಧರಿಸುವವನು. 2018ರ ಜನವರಿ 8ರಂದು ಅಟ್ಲಾಂಟಾದಲ್ಲಿ ರಾಷ್ಟ್ರೀಯ ಫೈನಲ್. ಅಲಬಾಮಾ ತಂಡ ಜಾರ್ಜಿಯಾ ಎದುರು 13-0 ಹಿಂದಿತ್ತು. ಕೋಚ್ ನಿಕ್ ಸೇಬನ್ ಅರ್ಧ ಆಟಕ್ಕೆ ಜೇಲನ್ ಹರ್ಟ್ಸ್‌ನನ್ನು ಕೂರಿಸಿ, ಮೊದಲ ವರ್ಷದ ಹುಡುಗ ಟುವಾ ಟಾಗೊವೈಲೋವಾನನ್ನು ಇಳಿಸಿದರು. ತಂಡವನ್ನು ಅಲ್ಲಿಯವರೆಗೆ ತಂದವನೇ ಹರ್ಟ್ಸ್. ಅಲಬಾಮಾ 26-23ರಲ್ಲಿ ಗೆದ್ದಿತು. ಎಲ್ಲರೂ ಹೇಳುವುದು ಇಷ್ಟೇ. ನನ್ನ ಮನಸ್ಸು ನಿಲ್ಲುವುದು ಅದೇ ವರ್ಷದ ಡಿಸೆಂಬರ್ 1ರ ಮೇಲೆ. ಅದೇ ಎದುರಾಳಿ, ಅದೇ ಊರು. ಟುವಾ ಗಾಯಗೊಂಡು ಹೊರಬಂದ. ತಂಡ ಬಿಟ್ಟು ಹೋಗದೆ ಬೆಂಚಿನಲ್ಲಿ ಉಳಿದಿದ್ದ ಹರ್ಟ್ಸ್ ಒಳಗೆ ಹೋಗಿ 28-21 ಹಿಂದಿದ್ದ ಆಟವನ್ನು 35-28ಕ್ಕೆ ಗೆಲ್ಲಿಸಿದ. ಆ ನಡುವಿನ ತಿಂಗಳುಗಳಲ್ಲಿ ಅವನು ಬೆಂಚಿನ ಮೇಲೆ ಹೇಗೆ ಕೂತಿದ್ದನೋ.

ಇಲ್ಲಿ ಬೆಂಚು ಇರಲಿಲ್ಲ. ಎತ್ತರದ ಹುಡುಗ ಮೇಷ್ಟ್ರು ಬಿಟ್ಟೆದ್ದ ಜಾಗದಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದ. ವಾಲಿಬಾಲಿನಲ್ಲಿ ಒಂದು ನಿಯಮವಿದೆ. ಮೊದಲಿಂದ ಆಡುತ್ತಿದ್ದು ಹೊರಗೆ ಬಂದವನು ಅದೇ ಸೆಟ್ಟಿನಲ್ಲಿ ಒಂದು ಸಲ ಮರಳಬಹುದು. ಆದರೆ ತನ್ನ ಬದಲಿಗೆ ಹೋದವನ ಜಾಗಕ್ಕೇ, ಇನ್ಯಾರ ಜಾಗಕ್ಕೂ ಅಲ್ಲ. ಅದು ಅವನಿಗೆ ಗೊತ್ತಿಲ್ಲದ್ದಲ್ಲ. ಆದರೂ ಗಿಡ್ಡ ತಪ್ಪಿದಾಗ ಅವನ ಮುಖ ಅರಳಿದ್ದನ್ನು ನಾನು ನೋಡಲಿಲ್ಲ. "ಇನ್ನೊಂಚೂರು ಮುಂದೆ ನಿಂತ್ಕೊಳ್ಳೋ," ಎಂದು ಒಮ್ಮೆ ಕೂಗಿದ. ಗಿಡ್ಡ ತಿರುಗಿ ನೋಡಿ ಒಂದು ಹೆಜ್ಜೆ ಮುಂದೆ ಬಂದ.

ಹೊತ್ತು ಇಳಿಯುತ್ತಿತ್ತು. ಕತ್ತಲಾಗುವ ಮುಂಚೆ ಇಲ್ಲಿ ಒಮ್ಮೊಮ್ಮೆ ಗಾಳಿ ಕೊಂಚ ತಗ್ಗುವುದುಂಟು. 19-20. ಹುಡುಗ ಬೆರಳಿನ ಟೇಪನ್ನು ಹಲ್ಲಿನಿಂದ ಬಿಗಿಮಾಡಿಕೊಂಡ. ನೆಲದಿಂದ ಒಂದು ಚಿಟಿಕೆ ಮಣ್ಣು ತೆಗೆದು ಕಣ್ಣಿನ ಮಟ್ಟಕ್ಕೆ ಹಿಡಿದು ಬಿಟ್ಟ.

ಮಣ್ಣು ಓರೆಯಾಗಿಯೇ ಹೋಯಿತು. ಇನ್ನೊಂದು ಚಿಟಿಕೆ ತೆಗೆದುಕೊಂಡ.