ಪ್ರಥಮ ವರ್ಷದ ಪ್ರಯೋಗಶಾಲೆಯೂ ಕೊಳವೆಬಾವಿಯ ನೀರೂ

ವಿಜ್ಞಾನ ಪದವಿಯ ಪ್ರಥಮ ವರ್ಷದ ವಿದ್ಯಾರ್ಥಿಗಳು ಒಂದು ದಿನ ಲವಣವನ್ನು ವಿಶ್ಲೇಷಿಸುತ್ತಾರೆ, ಮರುದಿನ ಮಸೂರದ ನಾಭಿದೂರವನ್ನು ಅಳೆಯುತ್ತಾರೆ, ಇನ್ನೊಂದು ದಿನ ಕಾಂಡದ ಸೀಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಇವುಗಳಿಗೆ ಪರಸ್ಪರ ಸಂಬಂಧವುಂಟೆಂದು ತಿಳಿಯುವ ಸಂದರ್ಭವೇ ಅವರಿಗೆ ಒದಗುವುದಿಲ್ಲ. ಉತ್ತರವಂತೂ ಮೊದಲೇ ಗೊತ್ತಿರುವಂಥದು. ಜರ್ನಲಿಗೆ ರುಜು ಬಿದ್ದರೆ ಕೆಲಸ ಮುಗಿಯಿತು.

ಉತ್ತರ ತಿಳಿಯದ ಪ್ರಶ್ನೆಯೊಂದು ನಮ್ಮ ಜಿಲ್ಲೆಯಲ್ಲಿಯೇ ಇದೆ. ರಾಯಚೂರು ನಗರದ ನಲ್ಲಿಯ ನೀರು, ಮಾನ್ವಿಯ ಬಳಿಯ ತುಂಗಭದ್ರಾ ಎಡದಂಡೆ ನಾಲೆಯ ನೀರು, ದೇವದುರ್ಗ ತಾಲ್ಲೂಕಿನ ಕೊಳವೆಬಾವಿಯೊಂದರ ನೀರು, ಈ ಮೂರನ್ನು ತರಿಸಿ, ಪ್ರತಿಯೊಂದರಲ್ಲಿಯೂ ಫ್ಲೋರೈಡ್ ಎಷ್ಟೆಂದು ಕೇಳೋಣ. ಗಾಜಿನೊಡನೆ ಫ್ಲೋರೈಡ್ ವರ್ತಿಸಬಹುದಾದುದರಿಂದ ನೀರನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿಯೇ ತರತಕ್ಕದ್ದು. ಪಾಠವು ಅಲ್ಲಿಂದಲೇ ಆರಂಭವಾಗುತ್ತದೆ.

ಆಮ್ಲದಲ್ಲಿ ಜಿರ್ಕೋನಿಯಮ್ಮನ್ನೂ ಸ್ಪ್ಯಾಡ್ನ್ಸ್ ಎಂಬ ವರ್ಣದ್ರವ್ಯವನ್ನೂ ಕೂಡಿಸಿದರೆ ಕೆಂಪು ದ್ರಾವಣ ಉಂಟಾಗುತ್ತದೆ. ಫ್ಲೋರೈಡು ಜಿರ್ಕೋನಿಯಮ್ಮನ್ನು ತನ್ನೆಡೆಗೆ ಸೆಳೆದುಕೊಂಡಂತೆ ಆ ಕೆಂಪು ಮಾಸುತ್ತದೆ. ಇದು ರಸಾಯನಶಾಸ್ತ್ರ. ಮಾಸಿದ ಪ್ರಮಾಣವನ್ನು 570 ನ್ಯಾನೊಮೀಟರ್ ತರಂಗದ ಬೆಳಕಿನಿಂದ ಅಳೆಯುವುದು ಭೌತಶಾಸ್ತ್ರ. ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಸ್ವೀಕಾರಾರ್ಹ ಮಿತಿ. ಬೇರೆ ಜಲಮೂಲವಿಲ್ಲದೆಡೆ 1.5ರ ವರೆಗೆ ಒಪ್ಪಬಹುದು. ಅದನ್ನು ಮೀರಿದ ನೀರನ್ನು ಬಹುಕಾಲ ಕುಡಿದ ಮಕ್ಕಳ ಹಲ್ಲಿನಲ್ಲಿ ಕಂದು ಕಲೆ ಮೂಡುತ್ತದೆ, ಪ್ರಮಾಣ ಹೆಚ್ಚಿದಲ್ಲಿ ಎಲುಬು ಬಿಗಿಯುತ್ತದೆ. ಏಕೆಂಬುದನ್ನು ಜೀವಶಾಸ್ತ್ರವು ಹೇಳಬೇಕು. ಮೂಲವಿರುವುದು ನೆಲದಡಿಯ ಗ್ರಾನೈಟ್ ಹಾಗೂ ನೈಸ್ ಶಿಲೆಗಳಲ್ಲಿ. ನೀರಿನಲ್ಲಿ ಸುಣ್ಣದ ಅಂಶ ಕಡಮೆಯಾಗಿ ಸೋಡಿಯಂ ಬೈಕಾರ್ಬೊನೇಟ್ ಹೆಚ್ಚಿದಷ್ಟೂ ಫ್ಲೋರೈಡು ಕರಗಿ ಉಳಿಯುತ್ತದೆ.

ಚರಿತ್ರೆಯ ಅಧ್ಯಾಪಕರಾದ ನಮಗೆ ಇಲ್ಲೇನು ಕೆಲಸವೆಂದು ಕೇಳುವವರುಂಟು. ಈ ವ್ಯಾಧಿಯು ಭಾರತದಲ್ಲಿ ಮೊದಲು ವರದಿಯಾದುದು 1937ರಲ್ಲಿ, ನೆಲ್ಲೂರು ಜಿಲ್ಲೆಯಿಂದ. ಮೆಟ್ಟಿಲ ಬಾವಿಗಳ ಕಾಲದಲ್ಲಿ ಉತ್ತರ ಕರ್ನಾಟಕವನ್ನು ಕಾಡಿದುದು ನಾರುಹುಣ್ಣು. ಜನರು ನೀರಿಗಿಳಿಯುವುದನ್ನು ತಪ್ಪಿಸಿದ ಕೊಳವೆಬಾವಿ, ಕೈಪಂಪುಗಳು ಆ ಪಿಡುಗಿನ ನಿವಾರಣೆಗೆ ಬಹಳ ನೆರವಾದವು. 2000ದಲ್ಲಿ ಭಾರತವು ಅದರಿಂದ ಮುಕ್ತವೆಂದು ಘೋಷಿತವಾಯಿತು. ಆದರೆ ಬಂಡೆಯ ಬಿರುಕುಗಳಲ್ಲಿ ದೀರ್ಘಕಾಲ ನಿಂತ ನೀರು ಬಾಯಿಗೆ ಬಂದುದೂ ಅದೇ ಕೊಳವೆಬಾವಿಗಳಿಂದ. ಒಂದು ಪರಿಹಾರವು ಇನ್ನೊಂದು ತೊಂದರೆಗೆ ದಾರಿಯಾದ ಈ ಸಂಗತಿಯನ್ನು ರಸಾಯನಶಾಸ್ತ್ರದ ಜರ್ನಲಿನಲ್ಲಿ ಬರೆಸಬಾರದೇಕೆ?

ನೀರನ್ನು ಕಾಯಿಸಿದರೆ ದೋಷ ಹೋಗುವುದೆಂಬ ನಂಬಿಕೆ ಇಲ್ಲಿ ಸಲ್ಲದು. ನೀರು ಆವಿಯಾಗಿ ಫ್ಲೋರೈಡಿನ ಸಾಂದ್ರತೆ ಏರುತ್ತದಷ್ಟೆ. ಇದನ್ನು ವಿದ್ಯಾರ್ಥಿಗಳೇ ಅಳೆದು ಕಾಣಲಿ. ಬಳಿಕ ಪಟಿಕ ಮತ್ತು ಸುಣ್ಣಗಳಿಂದ ಶುದ್ಧಗೊಳಿಸುವ ನಲ್ಗೊಂಡ ವಿಧಾನವನ್ನು ಮಾಡಿನೋಡಲಿ.

ವೇಳಾಪಟ್ಟಿಯ ತೊಡಕು ದೊಡ್ಡದಲ್ಲ; ಮೂರು ವಿಭಾಗಗಳು ಒಂದೇ ವಾರದ ತಮ್ಮ ಅವಧಿಗಳನ್ನು ಕೂಡಿಸಿಕೊಂಡರೆ ಸಾಕು. ಅಂಕ ಕೊಡುವವರಾರೆಂಬುದೇ ನಿಜವಾದ ಜಗಳ. ಮೂವರೂ ಒಂದೇ ಜರ್ನಲಿಗೆ ರುಜು ಹಾಕುವುದು ಲೇಸೆಂದು ನಮ್ಮ ಅಭಿಪ್ರಾಯ. ಅಳತೆಯ ಫಲಿತಾಂಶದ ಪ್ರತಿಯೊಂದು ನೀರು ತಂದ ಊರಿನ ಪಂಚಾಯಿತಿಗೂ ಹೋಗಲಿ.